ಕೆಂಪು ನೋಡಿ ಸೇಬು ತರಬೇಡಿ

ನಮ್ಮ ಕಲಬುರಗಿ, ಬೀದರ್ ಕಡೆಯಿಂದ ಅಮೆರಿಕಕ್ಕೆ ಹೊಸದಾಗಿ ಬಂದವರನ್ನು ಅಂಗಡಿಯಲ್ಲಿ ದೂರದಿಂದಲೇ ಗುರುತು ಹಿಡಿಯುತ್ತೇನೆ. ಸೇಬಿನ ರಾಶಿಯಲ್ಲಿ ಎಲ್ಲಕ್ಕಿಂತ ಕೆಂಪಗಿರುವುದನ್ನೇ ಆರಿಸುತ್ತಿರುತ್ತಾರೆ. ನಾನೂ ಹಾಗೇ ಮಾಡಿದವಳು. ಊರಲ್ಲಿ ಸೇಬು ಅಂದರೆ ದವಾಖಾನೆಗೆ ಯಾರನ್ನಾದರೂ ನೋಡಲು ಹೋಗುವಾಗ ಸೂಪರ್ ಮಾರ್ಕೆಟ್ ಅನ್ನೋ ಪೇಟೆಯ ತಳ್ಳುಗಾಡಿಯಿಂದ ಒಯ್ಯುವ ಕಾಶ್ಮೀರದ ಹಣ್ಣು. ತಳಿ ಯಾವುದು ಅಂತ ಯಾರು ಕೇಳುತ್ತಿದ್ದರು? ತೊಗರಿ ಬೇಳೆ ಮಾತ್ರ ಚೆನ್ನಾಗಿ ಬೇಯುತ್ತದಾ ಅಂತ ಕೇಳದೆ ತರುತ್ತಿರಲಿಲ್ಲ, ಅಲ್ವಾ?

ಇಲ್ಲಿ ಸೇಬಿಗೂ ಅದೇ ಪ್ರಶ್ನೆ ಕೇಳಬೇಕು.

ಮೊದಲ ವರ್ಷ ಪಕ್ಕದ ಮನೆಯವರಿಗೆ ಅಂತ ಪೈ ಮಾಡಿದೆ. ಮೈದಾ ಹಿಟ್ಟಿನ ಹೊದಿಕೆಯೊಳಗೆ ಸೇಬಿನ ಹೋಳು ತುಂಬಿ ಓವನ್‌ನಲ್ಲಿ ಬೇಯಿಸುವುದು. ಕಡುಗೆಂಪು ರೆಡ್ ಡೆಲಿಶಿಯಸ್ ತಳಿ ಹಾಕಿದ್ದೆ. ಬರೀ ಸಪ್ಪೆ ಸಿಹಿ, ಹೋಳೆಲ್ಲ ಕರಗಿ ಮುದ್ದೆಯಾಗಿತ್ತು. ಪಾಪ, ಅವರು ಚಮಚದಲ್ಲಿ ತಿಂದರು.

ಪೈಗೆ ಹಸಿರು ಗ್ರ್ಯಾನಿ ಸ್ಮಿತ್ ತನ್ನಿ. ಗಟ್ಟಿ, ಹುಳಿ. ಬೆಂದರೂ ಹೋಳು ಹೋಳಾಗಿಯೇ ಇರುತ್ತದೆ. 1868ರ ಸುಮಾರಿಗೆ ಆಸ್ಟ್ರೇಲಿಯಾದ ಮರಿಯಾ ಆನ್ ಸ್ಮಿತ್ ಎಂಬ ಅಜ್ಜಿಯ ತೋಟದಲ್ಲಿ ತಾನಾಗಿಯೇ ಹುಟ್ಟಿದ ಗಿಡವಿದು, ಹೆಸರಲ್ಲೇ ಅಜ್ಜಿ ಇದ್ದಾಳೆ. ಹುಳಿ ಜಾಸ್ತಿ ಅನಿಸಿದರೆ ಅರ್ಧದಷ್ಟು ಹನಿಕ್ರಿಸ್ಪ್ ಅನ್ನೋ ತಳಿ ಬೆರೆಸಿ. ಮ್ಯಾಕಿಂಟಾಷ್ ತಳಿ ಬೇಗ ಕರಗುತ್ತದೆ, ಅದು ಸೇಬು ಬೇಯಿಸಿ ಮೆತ್ತಗೆ ಮಾಡುವ ಆಪಲ್ ಸಾಸ್‌ಗೆ ಸರಿ.

ನನ್ನನ್ನು ಕೇಳಿದರೆ ಗ್ರ್ಯಾನಿ ಸ್ಮಿತ್ ಪೈಗಿಂತ, ಊರಲ್ಲಿ ಮಾವಿನಕಾಯಿ ತುರಿದು ಬೆಲ್ಲ ಹಾಕಿ ಮಾಡುವ ಗುಳಂಬಕ್ಕೆ ಹೇಳಿ ಮಾಡಿಸಿದ್ದು. ತುರಿದು, ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಪಾಕ ಗಟ್ಟಿಯಾದ ಮೇಲೆ ಏಲಕ್ಕಿ. ಮಾವಿನಕಾಯಿಯಷ್ಟು ಹುಳಿ ಇರುವುದಿಲ್ಲ, ಹಾಗಾಗಿ ಬೆಲ್ಲ ಕಡಿಮೆ ಇರಲಿ, ಕೊನೆಗೆ ಸ್ವಲ್ಪ ನಿಂಬೆ ಹಿಂಡಿ. ಬಿಸಿ ಚಪಾತಿಗೆ ಹಚ್ಚಿಕೊಟ್ಟರೆ ಅತ್ತೆಯವರೂ ತಪ್ಪು ಹುಡುಕುವುದಿಲ್ಲ. ಹಸಿ ಸೇಬಿನ ಹೋಳುಗಳಿಗೆ ಉಪ್ಪು-ಖಾರ ಹಚ್ಚಿ ತಿಂದರೆ ಪೇರಲಹಣ್ಣು ನೆನಪಾಗುತ್ತದೆ.

ಸುಮ್ನೆ ಕಚ್ಚಿ ತಿನ್ನಲು ಗಾಲಾ, ಫ್ಯೂಜಿ ಸಾಕು. ಸಿಹಿ ಇರುತ್ತವೆ, ಮಕ್ಕಳ ಡಬ್ಬಿಗೂ ಆಗುತ್ತವೆ. ಹನಿಕ್ರಿಸ್ಪ್ ದುಬಾರಿ, ಆದರೆ ಒಮ್ಮೆ ತಿಂದು ನೋಡಿ. ಮಿನ್ನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಹೊರತಂದ ತಳಿ. ಕಚ್ಚಿದರೆ ಕಬ್ಬು ಸಿಗಿದ ಹಾಗೆ ಸದ್ದು, ಬಾಯಿ ತುಂಬ ರಸ.

ತಂದ ಹಣ್ಣನ್ನು ಬುಟ್ಟಿಯಲ್ಲಿಡಬೇಡಿ, ಫ್ರಿಜ್‌ನಲ್ಲಿಡಿ. ಸೊಪ್ಪಿನ ಜೊತೆ ಬೇಡ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹತ್ತಿರದ ತೋಟಗಳಲ್ಲಿ ನಾವೇ ಹಣ್ಣು ಕೀಳಬಹುದು. ಜಗ್ಗಬೇಡಿ, ಕೊಂಬೆ ಮುರಿಯುತ್ತದೆ. ಹಣ್ಣನ್ನು ಮೇಲಕ್ಕೆತ್ತಿ ಸ್ವಲ್ಪ ತಿರುಗಿಸಿ, ಮಾಗಿದ್ದರೆ ಕೈಗೇ ಬರುತ್ತದೆ.