ಅಂದ ಕೇಳುವುದು ಬಿಟ್ಟೆ, ಲೆಕ್ಕ ಕೇಳಿದೆ: ನನ್ನ ಅನುಭವ

ಬೇರೆ ಬೇರೆ ಸಮಾಜಗಳ ಕಲೆಯನ್ನು ಒಂದೇ ಹಾಳೆಯಲ್ಲಿ ಹೋಲಿಸಲು ಆಗುವುದೇ ಇಲ್ಲ ಅಂದವರೇ ಜಾಸ್ತಿ. ಈಗ ಅವರಲ್ಲಿ ಕೆಲವರು ನಾನು ಮಾಡಿದ ಅಂಥದ್ದೇ ಹಾಳೆಯ ಪ್ರತಿ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಎಲ್ಲರ ಹಾಗೆ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ ದಾರಿ ಹಿಡಿದೆ. 1960ರ ದಶಕದಲ್ಲಿ ಅವರು ಫ್ರಾನ್ಸಿನಲ್ಲಿ ಕೇಳಿದ ಪ್ರಶ್ನೆಗಳು ನಿಮಗೆ ಗೊತ್ತಲ್ವಾ? ಸೂರ್ಯಾಸ್ತದ ಫೋಟೋ ಚೆಂದವೋ, ಎಲೆಕೋಸಿನದೋ ಅನ್ನುವಂಥವು. ಅವನ್ನೇ ಸ್ವಲ್ಪ ತಿದ್ದಿ ಬೇರೆ ಜನರ ಮುಂದಿಟ್ಟರೆ ಬಂದ ಉತ್ತರವೆಲ್ಲ ಸಪ್ಪೆ. ಫ್ರಾನ್ಸಿನಲ್ಲಿ ಶಾಲೆ, ಮ್ಯೂಸಿಯಂ, ವರ್ಗ ಮೂರೂ ಹೆಣೆದುಕೊಂಡಿದ್ದವು, ಪ್ರಶ್ನೆ ಫಲಿಸಿತು. ಆ ಹೆಣಿಗೆ ಇಲ್ಲದ ಕಡೆ ಜನ ಕೇಳುವವರ ಮುಖ ನೋಡಿ ಎಲ್ಲ ಚೆನ್ನಾಗಿದೆ ಅಂದುಬಿಡುತ್ತಾರೆ. ಇದ್ದ ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಆ ಮಾತುಗಳನ್ನು ಬರೆದಿಳಿಸಿ ಅನುವಾದ ಮಾಡಿಸಲು ಹೋಯಿತು. ಚಿತ್ರಗಳ ಹಕ್ಕಿನ ಶುಲ್ಕ ಬೇರೆ. ಅನುದಾನದ ಎರಡನೇ ಕಂತು ಬರಲೇ ಇಲ್ಲ. ಮುಂದಿನದೆಲ್ಲ ಕೈಯಿಂದಲೇ.

ಕಲೆ ಅಂದರೆ ಹಲವು ಕೈ ಸೇರಿದ ಕೆಲಸ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಹೋವರ್ಡ್ ಬೆಕರ್ 1982ರಲ್ಲೇ ಹೇಳಿದ್ದರು. ಅದನ್ನು ಹಿಡಿದು ಹಾಳೆಯಲ್ಲಿ ನಾಲ್ಕು ಅಂಕಣ ಮಾಡಿದೆ. ಯಾರು ಮಾಡಿದರು, ಯಾರು ಖರ್ಚು ಕೊಟ್ಟರು, ಯಾರು ನೋಡಬಹುದು, ಆಮೇಲೆ ವಸ್ತು ಏನಾಯಿತು. ಜೀವ ಇರುವುದು ಕೊನೆಯದರಲ್ಲಿ.

ಪಾಪುವಾ ನ್ಯೂಗಿನಿಯ ನ್ಯೂ ಐರ್ಲೆಂಡ್ ದ್ವೀಪದ ಮಲಂಗನ್ ಅನ್ನುವ ಮರದ ಕೆತ್ತನೆ ನೋಡಿ. ಸಾವಿನ ವಿಧಿಗೆಂದು ಅಷ್ಟು ಕಷ್ಟಪಟ್ಟು ಕೆತ್ತುತ್ತಾರೆ, ಮುಗಿದ ಮೇಲೆ ಕೊಳೆಯಲು ಬಿಡುತ್ತಾರೆ. ಬೆಲೆ ಇರುವುದು ಆ ಆಕಾರವನ್ನು ಮತ್ತೆ ಕೆತ್ತುವ ಹಕ್ಕಿಗೆ. ಮ್ಯೂಸಿಯಂಗಳು ಕೊಂಡಿದ್ದು ಮರ ಮಾತ್ರ! ಇಟಲಿಯ ಚಿತ್ರಕಾರ ಗಿರ್ಲಾಂಡಾಯೋ 1485ರಲ್ಲಿ ಫ್ಲಾರೆನ್ಸಿನ ಅನಾಥಾಲಯದ ಜೊತೆ ಮಾಡಿಕೊಂಡ ಕರಾರಿನಲ್ಲಿ ಬೆಲೆ ಬಣ್ಣದಲ್ಲಿದೆ. ಒಟ್ಟು 115 ಫ್ಲೋರಿನ್ (ಅಲ್ಲಿನ ಚಿನ್ನದ ನಾಣ್ಯ), ನೀಲಿ ಬಣ್ಣ ಔನ್ಸಿಗೆ ಸುಮಾರು 4 ಫ್ಲೋರಿನ್ನಿನದೇ ಆಗಬೇಕು. ಅಮೆರಿಕದ ಮೂಲನಿವಾಸಿ ನವಾಹೋ ಜನ ರೋಗ ವಾಸಿಯಾಗಲು ಬರೆಯುವ ಮರಳು ಚಿತ್ರಕ್ಕೆ ಖರ್ಚು ರೋಗಿಯ ಮನೆಯವರದು. ವಿಧಿ ಮುಗಿದ ಕೂಡಲೇ ಅದನ್ನು ಅಳಿಸುತ್ತಾರೆ. ಅವರು ದುಡ್ಡು ಕೊಟ್ಟಿದ್ದು ಗುಣವಾಗಲೆಂದು. ಚೆಂದದ ಪ್ರಶ್ನೆಯೇ ಇಲ್ಲದೆ ಮೂರೂ ಅಕ್ಕಪಕ್ಕ ಕೂತವು.

ಮೂರನೇ ಅಂಕಣಕ್ಕೂ ಬೆಲೆ ಬಂದಿದ್ದು ಆಸ್ಟ್ರೇಲಿಯಾದ ಪಾಪುನ್ಯದಿಂದ. 1971ರಿಂದ ಅಲ್ಲಿನ ಮೂಲನಿವಾಸಿಗಳು ಹಲಗೆ ಮೇಲೆ ಚಿತ್ರ ಬರೆಯತೊಡಗಿದರು. ನೋಡಬಾರದವರು ಪವಿತ್ರ ಗುರುತು ನೋಡುತ್ತಾರೆ ಅಂತ ತಕರಾರು ಎದ್ದಿತು. ಆ ಗುರುತು ಮುಚ್ಚುವಂತೆ ಚಿತ್ರದ ಚುಕ್ಕೆಗಳು ದಟ್ಟವಾಗಲು ಅದೂ ಒಂದು ಕಾರಣ. ಇದನ್ನು ಬರೀ ಶೈಲಿ ಅಂದುಕೊಂಡು ಪುಟ ತುಂಬಿಸುವವರಿದ್ದಾರೆ, ಬಿಡಿ.

ನಡುವೆ ಸುಮ್ನೆ ಒಂದು ಆಟ ಆಡಿದೆ. ವಸ್ತುಗಳ ಫೋಟೋಗಳಿಂದ ಹೆಸರು ತೆಗೆದುಹಾಕಿ, ಇವುಗಳಲ್ಲಿ ಯಾವುದನ್ನು ಮುಟ್ಟಬಹುದು ಅಂತ ಕೇಳಿದೆ, ಅಷ್ಟೇ. ಒಬ್ಬೊಬ್ಬರು ಗುಂಪು ಮಾಡಿದ್ದು ಒಂದೊಂದು ಥರ. ರುಚಿಯ ಪ್ರಶ್ನೆಗೆ ತುಟಿ ಬಿಚ್ಚದವರು ಇದಕ್ಕೆ ಜಗಳಕ್ಕೇ ನಿಂತರು. ಇದನ್ನು ಇನ್ನೂ ಬೆಳೆಸಬೇಕು.

ಅಂಕಣಗಳ ಕ್ರಮದಲ್ಲೇ ಪ್ರಶ್ನೆ ಕೇಳಬೇಡಿ, ಮಾತು ಸಾಗುವುದಿಲ್ಲ. ನನ್ನ ಮೊದಲ ಪ್ರಶ್ನೆ ವಸ್ತುವಿನ ಬಗ್ಗೆಯೇ ಅಲ್ಲ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ.

ಈಗ 120ರ ಆಸುಪಾಸು ಹಾಳೆಗಳಿವೆ. ಖಾಸಗಿ ಗ್ಯಾಲರಿಗಳ ಎರಡನೇ ಅಂಕಣ ಮಾತ್ರ ಅರ್ಧ ಖಾಲಿ, ಮಾರಿದ ಬೆಲೆ ಯಾರೂ ಬಾಯಿ ಬಿಡುವುದಿಲ್ಲ. ಸದ್ಯಕ್ಕೆ ಹರಾಜಿನ ಪ್ರಕಟವಾದ ಬೆಲೆಗಳಿಂದ ತುಂಬಿಸುತ್ತಿದ್ದೇನೆ.