ಪ್ರಶ್ನೆ ಕೇಳ್ಬೇಡಿ, ಕಡತ ಕೇಳಿ: ಆರ್‌ಟಿಐ ಹಾಕಿದ ನನ್ನ ಅನುಭವ

ನಮ್ಮೂರ ಬೀದಿಲಿ ಒಂದು ಚರಂಡಿ ಕೆಲಸ ಶುರುವಾಯ್ತು, ಅರ್ಧಕ್ಕೆ ಬಂದು ನಿಂತೋಯ್ತು, ಬೋರ್ಡಲ್ಲಿ ಮಾತ್ರ "ಕಾಮಗಾರಿ ಪೂರ್ಣಗೊಂಡಿದೆ". ಆಫೀಸಿಗೆ ಹೋದ್ರೆ ಇಂಜಿನಿಯರ್ ಸಾಹೇಬ್ರು ಸೈಟಿಗೆ ಹೋಗಿದಾರೆ, ಸೈಟಿಗೆ ಹೋದ್ರೆ ಮೀಟಿಂಗಿಗೆ ಹೋಗಿದಾರೆ. ಸರಿ, ಆರ್‌ಟಿಐ, ಅಂದ್ರೆ ಮಾಹಿತಿ ಹಕ್ಕು ಕಾಯ್ದೆಲಿ ಅರ್ಜಿ, ಹಾಕೋಣ ಅಂತ ಕೂತೆ, ಮೊದಲನೇ ಅರ್ಜಿ ನಾನೇ ಕೈಯಾರೆ ಹಾಳು ಮಾಡ್ಕೊಂಡೆ.

ಏನು ಬರೆದಿದ್ದೆ ಅಂದ್ರೆ, "ಚರಂಡಿ ಯಾಕೆ ಅರ್ಧಕ್ಕೆ ನಿಂತಿದೆ, ಇದಕ್ಕೆ ಯಾರು ಹೊಣೆ". 28ನೇ ದಿನ ಎರಡು ಸಾಲಿನ ಹಿಂಬರಹ ಬಂತು, ಪ್ರಶ್ನಾರೂಪದ ಮಾಹಿತಿ ಒದಗಿಸಲು ಅವಕಾಶವಿರುವುದಿಲ್ಲ ಅಂತ. ಮೈಯೆಲ್ಲ ಉರಿದೋಯ್ತು, ಆದ್ರೆ ಆಮೇಲೆ ಕಾಯ್ದೆ ಓದಿದ್ರೆ ತಪ್ಪು ನಂದೂ ಇತ್ತು. 2005ರ ಕಾಯ್ದೆ ಕೊಡಿಸೋದು ಅವರ ಬೀರುಲಿ ಇರೋ ದಾಖಲೆನ, ಅವರ ಹೊಟ್ಟೇಲಿರೋ ಕಾರಣನ ಅಲ್ಲ.

ಎರಡನೇ ಸಲ ನಮೂನೆ ಎ, ಅಂದ್ರೆ ಆರ್‌ಟಿಐ ಅರ್ಜಿ ಫಾರಂ, ತಗೊಂಡು ಬರೀ ಕಾಗದದ ಹೆಸರು ಬರೆದೆ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ (ಆದ ಕೆಲಸದ ಅಳತೆ ಬರೆದಿಡೋದು), ಬಿಲ್ಲು. ಜೊತೆಗೆ ಕಡತನ ಖುದ್ದು ನೋಡ್ಬೇಕು ಅಂತಾನೂ ಸೇರಿಸಿದೆ, ಸೆಕ್ಷನ್ 2(ಜೆ)ಲಿ ಆ ಹಕ್ಕಿದೆ, ಸುಮಾರು ಜನ ಬಳಸೋದೇ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರ್ದು ಅಂತಿದೆ. (ಸ್ಕೂಲಲ್ಲಿ ಕಲಿತ ಸಂಧಿ ಸಮಾಸ ಅವತ್ತು ಉಪಯೋಗಕ್ಕೆ ಬಂತು ನೋಡಿ, ಎರಡು ಪದ ಅಂಟಿಸಿದ್ರೆ ಒಂದೇ ಪದ.) 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ, ಆಫೀಸಿನ ಟಪಾಲು ವಿಭಾಗದಲ್ಲಿ ಕೊಟ್ಟು, ನನ್ನ ಪ್ರತಿ ಮೇಲೆ ಸೀಲು ತಾರೀಕು ಹಾಕಿಸ್ಕೊಂಡೇ ಎದ್ದಿದ್ದು. "ಯಾಕೆ ಸಾರ್ ನಿಮ್ಗೆ ಇದೆಲ್ಲ" ಅಂದ್ರು ಗುಮಾಸ್ತರು. ಕಾರಣ ಹೇಳೋ ಅಗತ್ಯ ಇಲ್ಲ, 6(2) ನೋಡಿ ಅಂದೆ, ಸುಮ್ನಾದ್ರು.

ಉತ್ತರ ಕೊಡೋಕಿರೋ 30 ದಿನದ ಗಡುವು ಕಳೀತು, ಉತ್ತರ ಇಲ್ಲ. ಇಲ್ಲಿ ಸುಮಾರು ಜನ ದಿನಕ್ಕೆ 250 ರೂಪಾಯಿ ದಂಡ ಹಾಕಿಸ್ತೀನಿ ಅಂತ ಕೂಗಾಡ್ತಾರೆ, ಆದ್ರೆ ಆ ದಂಡ ಹಾಕೋ ಅಧಿಕಾರ ಇರೋದು ಮಾಹಿತಿ ಆಯೋಗಕ್ಕೆ ಮಾತ್ರ, ಅದೂ 25,000ಕ್ಕೆ ನಿಲ್ಲುತ್ತೆ. ನಾನು ತೆಪ್ಪಗೆ ಮೇಲಧಿಕಾರಿಗೆ ಮೊದಲನೇ ಮೇಲ್ಮನವಿ ಹಾಕಿದೆ, ಮೂರು ವಾರಕ್ಕೆ ಕಡತ ನೋಡೋಕೆ ಬನ್ನಿ ಅಂತ ಕರೆ ಬಂತು.

ಎಂಬಿ ಅಂತಾರಲ್ಲ, ಆ ಅಳತೆ ಪುಸ್ತಕ, ಉದ್ದಕ್ಕಿದ್ದ ಹಳೇ ಪುಸ್ತಕ, ಮೂಲೆಲೆಲ್ಲ ಟೀ ಕಲೆ. ನಮ್ಮ ಬೀದಿ ಪುಟದಲ್ಲಿ ಉದ್ದ 212 ಮೀಟರ್, ಅಗಲ, ಎತ್ತರ, ಗುಣಿಸಿ ಒಟ್ಟು, ಕೆಳಗೆ ಅಳತೆ ತಗೊಂಡ ತಾರೀಕು, ಸಹಿ. ಆ ತಾರೀಕಿಗೆ ಕೆಲಸ ನಿಂತು ಆಗ್ಲೇ ಒಂದು ತಿಂಗಳಾಗಿತ್ತು! ಹಿಂದಿನ ದಿನ ನಾನೂ ಪಕ್ಕದ್ಮನೆ ಹುಡುಗನೂ ಟೇಪ್ ಹಿಡಿದು ಅಳೆದಿದ್ವಿ, ಚರಂಡಿ ಇದ್ದಿದ್ದು 138 ಮೀಟರ್. ಏನೂ ಮಾತಾಡ್ಲಿಲ್ಲ, ಪುಟದ ನಂಬರ್ ಬರ್ಕೊಂಡು ದೃಢೀಕೃತ ನಕಲು ಕೇಳಿದೆ. ಪುಟಕ್ಕೆ 2 ರೂಪಾಯಿ ಕಟ್ಟಿ ಅಂದ್ರು, ಗಡುವು ಮೀರಿದ ಮೇಲೆ ಪುಕ್ಕಟೆ ಕೊಡ್ಬೇಕು, 7(6) ಅಂದೆ. ಆ ಸೆಕ್ಷನ್ನು ಅವರಿಗೂ ಗೊತ್ತಿತ್ತು ಅನ್ಸುತ್ತೆ, ಸಟ್ಟಂತ ಜೆರಾಕ್ಸಿಗೆ ಕಳಿಸಿದ್ರು.

ನಿಜ ಹೇಳ್ಬೇಕಂದ್ರೆ ಇಂಥ ಲೆಕ್ಕ ಎಷ್ಟೋ ನಾವು ಕೇಳದೇನೇ ಅವರೇ ಪ್ರಕಟಿಸ್ಬೇಕು, 4(1)(ಬಿ)ಲಿ ಬಜೆಟ್ಟು, ಖರ್ಚು ಅಂತ 17 ಬಾಬ್ತಿನ ಪಟ್ಟಿನೇ ಇದೆ. ನಾನು ನೋಡಿದ ಆಫೀಸಿನ ವೆಬ್‌ಸೈಟಲ್ಲಿ ವರ್ಗ ಆಗಿ ಹೋದವರ ಹೆಸರೇ ಇನ್ನೂ ಇತ್ತು.

ನಕಲು, ನಮ್ಮ ಟೇಪಿನ ಫೋಟೋ ಎರಡೂ ಸೇರಿಸಿ ಮೇಲಿನ ಇಂಜಿನಿಯರಿಗೆ ದೂರು ಕೊಟ್ಟೆ. ಗುತ್ತಿಗೆದಾರರಿಗೆ ನೋಟಿಸ್ ಹೋಗಿದೆ ಅಂತ ಬಾಯಲ್ಲಿ ಹೇಳಿದ್ರು. ಆ ನೋಟಿಸಿನ ಪ್ರತಿ ಕೊಡಿ ಅಂತ ಇನ್ನೊಂದು ನಮೂನೆ ಎ ಹಾಕಿದೀನಿ, ಇವತ್ತಿಗೆ 19ನೇ ದಿನ.