ಅಣುರಾಶಿಗೆ ಕಿರಾಣಿ ಚೀಟಿ: ತಿಕೋಟಾದ ನನ್ನ ಟ್ಯೂಷನ್ ಅನುಭವ

ಹತ್ತು ಗ್ರಾಂ ಮೈಲುತುತ್ತ (ನೀರು ಸೇರಿದ ತಾಮ್ರದ ಸಲ್ಫೇಟ್) ಕಾಯಿಸಿ ಇಳಿಸಿದ ಮೇಲೆ ತಕ್ಕಡಿ 6.42 ತೋರಿಸಿತು. ಒಲೆ ಹಚ್ಚುವ ಮೊದಲೇ ಮಕ್ಕಳು ಅಣುರಾಶಿಯನ್ನು, ಅಂದರೆ ಅಣುವಿನ ಎಲ್ಲ ಪರಮಾಣುಗಳ ರಾಶಿಯ ಮೊತ್ತವನ್ನು, ಕಿರಾಣಿ ಚೀಟಿಯ ಹಾಗೆ ಕೂಡಿಸಿ ನೋಟ್‌ಬುಕ್ಕಿನಲ್ಲಿ 6.4 ಅಂತ ಬರೆದಿಟ್ಟಿದ್ದರು. ಅವತ್ತಿನ ಖುಷಿ ಅಷ್ಟಿಷ್ಟಲ್ಲ. ಯಾಕಂದ್ರೆ ಜೊತೆಗಿನ ಮಾಸ್ತರರು ಎರಡು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದರು: "ಚೀಟಿ ಗೀಟಿ ಬಿಡ್ರಿ, ಸುಮ್ನೆ ಬಾಯಿಪಾಠ ಮಾಡಿಸ್ರಿ."

ಬಾಯಿಪಾಠ ಮಾಡಿಸಿ ನೋಡಿದವನೇ ನಾನು. ಇಪ್ಪತ್ತು ಧಾತುಗಳ ಪರಮಾಣು ರಾಶಿ ಮಕ್ಕಳ ನಾಲಿಗೆ ಮೇಲಿತ್ತು. ಆದರೂ ಲೆಕ್ಕ ತಪ್ಪುತ್ತಿತ್ತು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್, Ca(OH)₂, ಕೊಟ್ಟರೆ ಅರ್ಧ ಕ್ಲಾಸ್ 58 ಬರೆಯುತ್ತಿತ್ತು. ಆವರಣದ ಹೊರಗಿನ ಎರಡನ್ನು ಹೈಡ್ರೋಜನ್ನಿಗೆ ಮಾತ್ರ ಹಚ್ಚುತ್ತಿದ್ದರು, ಆಕ್ಸಿಜನ್ ಒಂದೇ ಉಳಿಯುತ್ತಿತ್ತು. ಬರಬೇಕಾದದ್ದು 74. ಇನ್ನು ಮೈಲುತುತ್ತದ ಸೂತ್ರದಲ್ಲಿ (CuSO₄·5H₂O) ನಡುವೆ ಒಂದು ಚುಕ್ಕಿ ಇದೆ ಅಲ್ವಾ? ಅದನ್ನು ಗುಣಾಕಾರ ಅಂತ ತಿಳಿದು 159.5ನ್ನು 90ರಿಂದ ಗುಣಿಸಿ 14,355 ತಂದ ಹುಡುಗನೂ ಇದ್ದ. ಗುಣಾಕಾರ ಮಾತ್ರ ಸರಿಯಾಗಿಯೇ ಮಾಡಿದ್ದ.

ಆಮೇಲೆ ಪರಮಾಣುಗಳ ಮಾದರಿ ಮಾಡಲು ಥರ್ಮಾಕೋಲ್ ಗುಂಡು, ಬಣ್ಣ, ಕಡ್ಡಿ ಅಂತ ಸುಮಾರು 400 ರೂಪಾಯಿ ಹಾಕಿದೆ. ದಂಡ. ಎಣಿಕೆ ಬಂತು, ತೂಕ ಬರಲಿಲ್ಲ. ಎಲ್ಲ ಗುಂಡುಗಳೂ ಕೈಗೆ ಒಂದೇ ಹಗುರ. ಆಕ್ಸಿಜನ್ ಹೈಡ್ರೋಜನ್ನಿನ ಹದಿನಾರು ಪಟ್ಟು ಅನ್ನೋದು ಕೈಗೆ ತಿಳಿಯಲೇ ಇಲ್ಲ.

ಚೀಟಿ ಹೊಳೆದದ್ದು ಕಿರಾಣಿ ಅಂಗಡಿಯಲ್ಲಿ ನಿಂತಾಗ. ಸರಕು, ನಗ (ಎಷ್ಟು ಅನ್ನೋ ಎಣಿಕೆ), ದರ, ಮೊತ್ತ. ಧಾತುವೇ ಸರಕು, ಪರಮಾಣುಗಳ ಸಂಖ್ಯೆಯೇ ನಗ, ಪರಮಾಣು ರಾಶಿಯೇ ದರ. ಆವರಣ ಅಂದರೆ ಪಾಕೀಟು: ಹೊರಗೆ ಎರಡು ಇದ್ದರೆ ಎರಡು ಪಾಕೀಟು, ಒಳಗಿನದೆಲ್ಲ ಎರಡೆರಡು. ಚುಕ್ಕಿ ಅಂದರೆ ಪಕ್ಕದಲ್ಲಿ ಇನ್ನೊಂದು ಚೀಲ, ಅದರ ಬಿಲ್ ಬೇರೆ ಮಾಡಿ ಕೂಡಿಸಬೇಕು.

ಮೈಲುತುತ್ತದ ಚೀಟಿ ಹೀಗೆ ಬರುತ್ತದೆ. ತಾಮ್ರ ಒಂದು ನಗ, 63.5. ಗಂಧಕ ಒಂದು, 32. ಆಕ್ಸಿಜನ್ ನಾಲ್ಕು, 16ರಂತೆ 64. ಮೊದಲ ಚೀಲ 159.5. ಎರಡನೆಯ ಚೀಲದಲ್ಲಿ ನೀರು ಐದು, 18ರಂತೆ 90. ಒಟ್ಟು 249.5. ಇದರಲ್ಲಿ ನೀರು ನೂರಕ್ಕೆ 36 ಪಾಲು. ಹತ್ತು ಗ್ರಾಂ ಕಾಯಿಸಿದರೆ 3.6 ಹೋಗಬೇಕು.

ಕಾಯಿಸುವುದು ಮಾತ್ರ ಸಲೀಸಾಗಲಿಲ್ಲ. ಮೊದಲು ಅಂಗಡಿ ತಕ್ಕಡಿ ತಂದೆ, ಅದು ಐದು ಗ್ರಾಂಗಿಂತ ಕಡಿಮೆ ಹೇಳುವುದೇ ಇಲ್ಲ. 600 ರೂಪಾಯಿ ಆಸುಪಾಸಿನಲ್ಲಿ ಸಣ್ಣ ಡಿಜಿಟಲ್ ತಕ್ಕಡಿ ಕೊಂಡೆ. ಮೊದಲ ಸಲ ಉರಿ ಜಾಸ್ತಿಯಾಗಿ ಪುಡಿ ಕಪ್ಪಾಯಿತು, ಘಾಟು ಬಂತು, ತೂಕವೂ ಆರಕ್ಕಿಂತ ಕೆಳಗೆ ಇಳಿಯಿತು. ಎರಡನೆಯ ಸಲ ಬಿಳಿ ಪುಡಿಯನ್ನು ತೆರೆದಿಟ್ಟು ಚಹಾಕ್ಕೆ ಹೋದೆ. ಬರುವಷ್ಟರಲ್ಲಿ ಅದು ಗಾಳಿಯ ತೇವ ಹೀರಿಕೊಂಡಿತ್ತು, ತೂಕ ಏರಿತ್ತು. ಸಣ್ಣ ಉರಿ, ತೆರೆದ ಕಿಟಕಿ, ಅಡುಗೆಗೆ ಬಳಸದ ಬೇರೆ ಪಾತ್ರೆ, ಇಳಿಸಿದ ಕೂಡಲೇ ಮುಚ್ಚಳ. ಉರಿಯ ಹದ ಹಿಡಿಯಲು ನನ್ನದೇ ಒಂದು ಗುರುತು ಇದೆ, ಅದು ನನ್ನ ಹತ್ತಿರವೇ ಇರಲಿ.

ಇದೇ ಗುಂಗಿನಲ್ಲಿ ಬಾಗಲಕೋಟೆ ಕಡೆಯಿಂದ ಸುಣ್ಣದ ಕಲ್ಲು ತಂದೆ. ಚೀಟಿ ಪ್ರಕಾರ ನೂರು ಇದ್ದದ್ದು 56 ಆಗಬೇಕು, 44 ಇಂಗಾಲದ ಡೈಆಕ್ಸೈಡ್ ಆಗಿ ಹೋಗಬೇಕು. ಒಂದು ತಾಸು ಗ್ಯಾಸ್ ಸುಟ್ಟರೂ ತೂಕ ಕದಲಲಿಲ್ಲ. ಅದಕ್ಕೆ 900 ಡಿಗ್ರಿ ಹತ್ತಿರದ ಭಟ್ಟಿಯೇ ಬೇಕು. ಕಾಗದದ ಮೇಲೆ ಸಿಕ್ಕ ಇನ್ನೊಂದು ಮಜಾ: ಸಕ್ಕರೆಯ ಚೀಟಿ 342. ಅಲ್ಯೂಮಿನಿಯಂ ಸಲ್ಫೇಟಿನದೂ, Al₂(SO₄)₃, 342! ಮೂರು ಪಾಕೀಟಿನ ಸರಕು ಬಿಡಿಸಿ ಕೂಡಿಸಿದ ಹುಡುಗಿ ಒಬ್ಬಳು ತನ್ನದೇ ತಪ್ಪು ಅಂತ ಮೂರು ಸಲ ಅಳಿಸಿದಳು. ಮೂರು ಸಲವೂ ಸರಿಯಾಗಿತ್ತು.

ಮೂವತ್ತರ ಹತ್ತಿರ ಮಕ್ಕಳಿದ್ದಾರೆ. ಮೊದಲು ಎಂಟೊಂಬತ್ತು ಮಂದಿಗೆ ಸರಿ ಬರುತ್ತಿತ್ತು, ಈಗ ಇಪ್ಪತ್ತೈದು ದಾಟುತ್ತದೆ. ಕ್ಲೋರಿನ್ನಿನ 35.5 ಈಗಲೂ ಕೆಲವರನ್ನು ಕಾಡುತ್ತದೆ. ಚಿಲ್ಲರೆ ಪೈಸೆ ಅಂತ ಹೇಳಿದ ಮೇಲೆ ಅದೂ ಕಡಿಮೆಯಾಗಿದೆ.

ಮೊನ್ನೆ ಒಬ್ಬ ಹುಡುಗನ ತಂದೆ ಬಂದರು. ದ್ರಾಕ್ಷಿ ಬೆಳೆಯುವವರು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಬಳ್ಳಿಯ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವುದು ಅವರಿಗೆ ಹೊಸದಲ್ಲ. ಕುಡುಗೋಲು ಅದ್ದಿ ಕೆಂಪಡರಿದರೆ ಸುಣ್ಣ ಸಾಲದು ಅನ್ನೋದೂ ಗೊತ್ತು. "ಆ ಒಂದು ಕಿಲೋದಾಗ ತಾಮ್ರ ಎಷ್ಟ್ರಿ?" ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗ ಗೋಡೆಗೆ ಒರಗಿ ಚೀಟಿ ಬರೆದ. 63.5ನ್ನು 249.5ರಿಂದ ಭಾಗಿಸಿ, ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, "254 ಗ್ರಾಂ ಅಪ್ಪಾ, ಕಾಲು ಕಿಲೋ ಅನ್ನು" ಅಂದ.